ಹೆರಿಗೆ ಭೋಸರಿಯಲ್ಲೋ, ಊರಲ್ಲೋ? ಮೊದಲು ಇಷ್ಟು ತಿಳಿದಿರಲಿ



ಹೃದಯದ ಡಾಕ್ಟರು ಹೆರಿಗೆ ಬಗ್ಗೆ ಯಾಕೆ ಬರೆಯುತ್ತಾರೆ ಅನಿಸಬಹುದು. ಎಂಟನೇ ತಿಂಗಳ ಹೊತ್ತಿಗೆ ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಅಷ್ಟನ್ನೂ ಹೃದಯವೇ ಪಂಪ್ ಮಾಡಬೇಕು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕಿರಿದಾಗಿದ್ದರೆ, ಹಲವರಿಗೆ ಅದು ಮೊದಲು ಗೊತ್ತಾಗುವುದು ಬಸುರಿಯಾದಾಗಲೇ.

*ತುಮಕೂರಿನ ಪಾಠ*
2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಮಿಳುನಾಡು ಮೂಲದ ಗರ್ಭಿಣಿಯೊಬ್ಬರು ನೋವು ಶುರುವಾಗಿ ಜಿಲ್ಲಾ ಆಸ್ಪತ್ರೆಗೆ ಹೋದರು. ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ದಾಖಲು ಮಾಡಿಕೊಳ್ಳದೆ ಕಳಿಸಿದರೆಂಬ ದೂರು ಬಂತು. ಮನೆಯಲ್ಲೇ ಅವಳಿ ಮಕ್ಕಳು ಹುಟ್ಟಿದವು. ತಾಯಿಯೂ ಉಳಿಯಲಿಲ್ಲ, ಮಕ್ಕಳೂ ಉಳಿಯಲಿಲ್ಲ. ಡಾಕ್ಟರು, ನರ್ಸ್‌ಗಳು ಅಮಾನತಾದರು. ಆಕೆ ನಮ್ಮ ರಾಜ್ಯದಲ್ಲಿ ಹೊರಗಿನವರು. ಇಲ್ಲಿ ನಾವು ಹೊರಗಿನವರು.

*ಇವು ನಿಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ*
1. ಜೀವಕ್ಕೆ ಅಪಾಯವಿದ್ದಾಗ ಸರಕಾರಿ ಇರಲಿ, ಖಾಸಗಿ ಇರಲಿ, ಡಾಕ್ಟರು ಮೊದಲು ಚಿಕಿತ್ಸೆ ಕೊಡಬೇಕು. 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದಪತ್ರ ಆಮೇಲೆ.
2. 2011ರ ಜನನಿ ಶಿಶು ಸುರಕ್ಷಾ ಯೋಜನೆಯಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಸಿಸೇರಿಯನ್, ಔಷಧಿ, ತಪಾಸಣೆ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಸೇರಿ.
3. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರಿಂದಲೇ ಉಚಿತ ತಪಾಸಣೆ ಇರುತ್ತದೆ.
4. ಸಹಿ ಹಾಕುವ ಮುಂಚೆ ಸಿಸೇರಿಯನ್ ಯಾಕೆ ಬೇಕು ಎಂದು ಕೇಳಿ. ಮರಾಠಿ ತಿಳಿಯದಿದ್ದರೆ, ತಿಳಿದವರು ಬರುವವರೆಗೆ ತಡೆಯಿರಿ. ತುರ್ತಿದ್ದಾಗ ಮಾತ್ರ ತಡ ಬೇಡ.
5. ಗಂಡನಿಗೆ ಎಂ.ಐ.ಡಿ.ಸಿ. ಕಂಪನಿಯಿಂದ ಇ.ಎಸ್.ಐ. ಇದ್ದರೆ ಹೆಂಡತಿಯ ಚಿಕಿತ್ಸೆಯೂ ಅದರಲ್ಲೇ ಬರುತ್ತದೆ. ಇ.ಎಸ್.ಐ. ಆಸ್ಪತ್ರೆ ಚಿಂಚವಾಡದ ಮೋಹನನಗರದಲ್ಲಿದೆ. ದುಡಿಯುವ ಅಕ್ಕಂದಿರಿಗೇ ಇ.ಎಸ್.ಐ. ಇದ್ದು, ಕಂತು ತುಂಬಿದ ದಿನಗಳು ಸಾಕಷ್ಟಿದ್ದರೆ, ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಸಿಗುತ್ತದೆ.

*ತವರಿಗೆ ಹೋಗುವುದಿದ್ದರೆ*
ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎನ್ನುವುದು ನಮ್ಮ ಕಡೆ ಪದ್ಧತಿ. ತಪ್ಪಿಲ್ಲ. ಆದರೆ ಇಲ್ಲಿ ಮಾಡಿಸಿದ ಬಿ.ಪಿ., ರಕ್ತ, ಸ್ಕ್ಯಾನ್ ರಿಪೋರ್ಟು ಭೋಸರಿಯ ಕೋಣೆಯಲ್ಲೇ ಉಳಿದು, ಬಸುರಿ ಬರಿಗೈಲಿ ಕಲಬುರಗಿ ಬಸ್ ಹತ್ತುತ್ತಾಳೆ. ಊರ ಡಾಕ್ಟರಿಗೆ ಮತ್ತೆ ಮೊದಲಿಂದ ಶುರು. ತಾಯಿ ಕಾರ್ಡ್ ಜೊತೆಗಿರಲಿ. ಅದರ ಫೋಟೋ ಗಂಡನ ಫೋನಲ್ಲೂ, ತವರಿನವರ ಫೋನಲ್ಲೂ ಇರಲಿ.

ಬಿ.ಪಿ. ಅಥವಾ ಹೃದಯದ ತೊಂದರೆ ಇದ್ದವರು ಏಳನೇ ತಿಂಗಳೊಳಗೆ ದೊಡ್ಡ ಆಸ್ಪತ್ರೆ ಗೊತ್ತುಮಾಡಿಕೊಳ್ಳಿ. ಇಲ್ಲಿ ಪಿಂಪ್ರಿಯ ವೈ.ಸಿ.ಎಂ. ಆಸ್ಪತ್ರೆ ಇದೆ. ಊರ ಕಡೆಯಾದರೆ ಜಿಲ್ಲಾ ಆಸ್ಪತ್ರೆ. ಹೃದಯದ ತಪಾಸಣೆಗೆ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯೂ ಇದೆ. ಎಲ್ಲಿ ಹೆರಿಗೆ ಎನ್ನುವ ಮಾತಿನಲ್ಲಿ ಬಸುರಿಯನ್ನೂ ಕೇಳಿ.

*"ಬಸುರಿಗೆ ದಮ್ಮು ಸಹಜ" ಎಂದು ಸುಮ್ಮನಾಗಬೇಡಿ*
ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಸಹಜ. ಆದರೆ ಇವು ಸಹಜವಲ್ಲ:
• ಅಂಗಾತ ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಎದ್ದು ಕೂರಬೇಕಾಗುವುದು
• ಎದೆನೋವು, ಎದೆ ಬಡಿತ ಜೋರಾಗಿ ತಲೆ ಸುತ್ತಿ ಬೀಳುವುದು
• ಬಿ.ಪಿ. 140/90 ದಾಟುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು

ಹೆರಿಗೆಯಾಗಿ ಐದು ತಿಂಗಳವರೆಗೂ ಹೃದಯ ದುರ್ಬಲವಾಗಬಹುದು. ಬಾಣಂತಿ ದಮ್ಮು ಎಂದರೂ ಹೀಗೇ ನೋಡಿ. ಎಕೋ ತಪಾಸಣೆಯಿಂದ ಮಗುವಿಗೆ ತೊಂದರೆಯಿಲ್ಲ. ಅದು ಶಬ್ದದ ಅಲೆ, ಎಕ್ಸ್‌ರೇ ಅಲ್ಲ.

ಈ ಒಂದು ಮರಾಠಿ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: *"ಝೋಪಲ್ಯಾವರ ದಮ ಲಾಗತೋ"*. ಮಲಗಿದರೆ ಉಸಿರು ಕಟ್ಟುತ್ತದೆ ಎಂದರ್ಥ. ಕೇಳಿದ ಡಾಕ್ಟರು ಕೂಡಲೇ ಎದೆಯ ಮೇಲೆ ಸ್ಟೆತಾಸ್ಕೋಪ್ ಇಡುತ್ತಾರೆ. ತುರ್ತಿಗೆ 108ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅದೇ ನಂಬರು.

ನಿಮ್ಮ ಚಾಳಿನಲ್ಲಿ, ಕೆಲಸದ ಜಾಗದಲ್ಲಿ ಬಸುರಿ ಇರುವ ಮನೆಗೆ ಇದನ್ನು ಕಳಿಸಿ. ಓದಲು ಬಾರದವರಿಗೆ ಓದಿ ಹೇಳಿ.