ಕಣ್ಣಿಗೆ ಕಂಡದ್ದೆಲ್ಲ ನಿಜವೇ?

ಬೇಸಿಗೆಯ ನಡುಹಗಲಿನಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದ ಕಡೆಗೆ ಹೊರಟಾಗ ಡಾಂಬರು ರಸ್ತೆಯ ಮೇಲೆ ದೂರದಲ್ಲಿ ನೀರು ನಿಂತಂತೆ ತೋರುತ್ತದೆ. ಹತ್ತಿರ ಹೋದಂತೆ ಇಲ್ಲವಾಗುತ್ತದೆ. ಇದೇ ಬಿಸಿಲ್ಗುದುರೆ. ಕಾದ ನೆಲದ ಮೇಲಿನ ಬಿಸಿಗಾಳಿಯಲ್ಲಿ ಬೆಳಕು ಬಾಗುವುದರಿಂದ ಆಕಾಶದ ಹೊಳಪು ನೆಲದಲ್ಲಿ ಇರುವಂತೆ ಕಾಣುತ್ತದೆ. ಇದು ಬೆಳಕಿನಿಂದಾದ ಭ್ರಮೆ. ಕ್ಯಾಮೆರಾಕ್ಕೂ ಹಾಗೆಯೇ ಕಾಣುತ್ತದೆ.

ಎರಡನೆಯದು ಮಿದುಳಿನಿಂದಾಗುವ ಭ್ರಮೆ. ಇದನ್ನು ನಮ್ಮ ಶಿಲ್ಪಿಗಳು ಚೆನ್ನಾಗಿ ಅರಿತಿದ್ದರು. ಬಾದಾಮಿಯಲ್ಲಿ 6ನೆಯ ಶತಮಾನದ ಮೊದಲನೆಯ ಗುಹಾಲಯದ ಬಾಗಿಲ ಬಳಿ, ದ್ವಾರಪಾಲಕನ ಕೆಳಗೆ, ಒಂದೇ ತಲೆಯನ್ನು ಹಂಚಿಕೊಂಡ ಆನೆ ಮತ್ತು ವೃಷಭಗಳಿವೆ. ಎಡದಿಂದ ನೋಡಿದರೆ ಆ ತಲೆ ಆನೆಯದು, ಬಲದಿಂದ ನೋಡಿದರೆ ವೃಷಭದ್ದು. ಕಲ್ಲು ಇದ್ದಂತೆಯೇ ಇದೆ; ಮಿದುಳು ಕೊಟ್ಟ ಅರ್ಥ ಬದಲಾಯಿತು. ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ಬೆದರುವುದೂ ಹೀಗೆಯೇ.

ಕಣ್ಣಿನಿಂದ ನರವು ಹೊರಡುವ ಎಡೆಯಲ್ಲಿ ನಮ್ಮೆಲ್ಲರಿಗೂ ಒಂದು ಕುರುಡು ಚುಕ್ಕೆ ಇದೆ. ಆದರೂ ನೋಟದಲ್ಲಿ ತೂತು ಕಾಣುವುದಿಲ್ಲ. ಸುತ್ತಲಿನದನ್ನು ಆಧರಿಸಿ ಮಿದುಳು ಆ ತೆರವನ್ನು ತುಂಬುತ್ತದೆ.

ಈ ಉಪಕಾರವೇ ಕೆಲವೊಮ್ಮೆ ಅಪಾಯವನ್ನು ಮರೆಮಾಡುತ್ತದೆ. ಗ್ಲಾಕೋಮಾ ರೋಗದಲ್ಲಿ ಬಹುಮಟ್ಟಿಗೆ ನೋವೇ ಇಲ್ಲದೆ ಅಂಚಿನ ನೋಟ ಕುಗ್ಗುತ್ತ ಬರುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣೂ ಮಿದುಳೂ ಸೇರಿ ತುಂಬಿಬಿಡುವುದರಿಂದ ರೋಗಿಗೆ ಅರಿವಾಗುವುದಿಲ್ಲ. ಹೋದ ದೃಷ್ಟಿ ಮರಳಿ ಬಾರದು. ಉಳಿದ ದೃಷ್ಟಿಯನ್ನು ಚಿಕಿತ್ಸೆಯಿಂದ ಕಾಪಾಡಿಕೊಳ್ಳಬಹುದು.

ಮೂರನೆಯದು ರೋಗದಿಂದಾಗುವ ಭ್ರಮೆ. ಇದನ್ನು ಅರಿಯಲು ಮನೆಯಲ್ಲಿಯೇ ಒಂದು ಸರಳ ಪರೀಕ್ಷೆ ಮಾಡಿಕೊಳ್ಳೋಣ. ಕನ್ನಡಕವಿದ್ದವರು ಅದನ್ನು ಧರಿಸಿಯೇ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಕಿಟಕಿಯ ಸರಳುಗಳನ್ನು ದಿಟ್ಟಿಸಬೇಕು. ಅನಂತರ ಇನ್ನೊಂದು ಕಣ್ಣನ್ನು ಮುಚ್ಚಿ ನೋಡಬೇಕು. ನೇರವಾದ ಸರಳು ಸೊಟ್ಟಗೆ ಕಂಡರೆ, ನಟ್ಟನಡುವೆ ಮಸುಕು ತೋರಿದರೆ, ಅದು ಅಕ್ಷಿಪಟಲದ ನಡುಭಾಗದ ರೋಗವಿರಬಹುದು. ತಡಮಾಡದೆ ನೇತ್ರವೈದ್ಯರನ್ನು ಕಾಣಬೇಕು.

ಗ್ಲಾಕೋಮಾ ಈ ಪರೀಕ್ಷೆಗೆ ಸಿಕ್ಕದು. ಆದಕಾರಣ 40 ವರ್ಷ ದಾಟಿದವರೂ ಮನೆತನದಲ್ಲಿ ಈ ರೋಗ ಇರುವವರೂ ಆಗಾಗ, ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ತಪ್ಪದೆ, ಕಣ್ಣಿನ ತಪಾಸಣೆ ಮಾಡಿಸಿಕೊಳ್ಳುವುದು ಲೇಸು. ಮನೆಯ ಹಿರಿಯರು ಮೆಟ್ಟಿಲು ಎಡವಿದರೆ, ಪಕ್ಕದಲ್ಲಿ ಬಂದವರನ್ನು ಗಮನಿಸದಿದ್ದರೆ, ವಯಸ್ಸಾಯಿತೆಂದು ಸುಮ್ಮನಿರದೆ ಅವರನ್ನೂ ಕರೆದೊಯ್ಯೋಣ.

ಎಲ್ಲರಿಗೂ ಒಂದೇ ತೆರನಾಗಿ ಕಾಣುವ ಭ್ರಮೆಗೆ ಭಕ್ತರು ಅಂಜಬೇಕಾಗಿಲ್ಲ. ನಮ್ಮ ಒಂದು ಕಣ್ಣಿಗೆ ಮಾತ್ರ ಕಾಣುವ ಭ್ರಮೆಯನ್ನು ಎಂದಿಗೂ ಕಡೆಗಣಿಸಬಾರದು.