ತೋಟದೊಳಗಿನ ಪೈಪೋಟಿ



ಗದಗದ ಬಳಿಯ ಮಲ್ಲಸಮುದ್ರದ ಕಡೆ ಒಮ್ಮೆ ಹೋದಾಗ ಅಲ್ಲಿಯ ಎರೆ ಹೊಲಗಳನ್ನು ನೋಡಿದೆ. ಆ ಸೀಮೆಯಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಹಿಂಗಾರಿ ಜೋಳ ಬಹುಮಟ್ಟಿಗೆ ನೆಲ ಹಿಡಿದಿಟ್ಟ ತೇವದಿಂದಲೇ ಬೆಳೆಯಬೇಕು. ಆದ್ದರಿಂದ ಅಲ್ಲಿಯ ರೈತ ಸಾಲುಗಳ ನಡುವೆ ಅಂತರ ಬಿಡುತ್ತಾನೆ, ಎಡೆ ಹೊಡೆದು ಕಳೆ ಕೀಳುತ್ತಾನೆ. ಕಳೆ ಕುಡಿದ ನೀರು ತೆನೆಗೆ ತಪ್ಪಿತೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಧಾರಾಳವಾಗಿರುವ ನಮಗೇ ಆ ಪಾಠ ಬೇಕಾಗಿದೆ.

ಗಿಡಕ್ಕೆ ಬೇಕಾದುದು ಬೆಳಕು, ನೀರು, ಪೋಷಕಾಂಶ ಮತ್ತು ಬೇರಿಗೆ ಜಾಗ. ಇವುಗಳಲ್ಲಿ ಯಾವುದು ಸಾಲದೋ ಅದಕ್ಕಾಗಿ ಪೈಪೋಟಿ. ಎರೆ ಹೊಲದಲ್ಲಿ ಅದು ನೀರು. ನಮ್ಮಲ್ಲಿ ಮಳೆಗಾಲದಲ್ಲಿ ಬೆಳಕು. ಫೆಬ್ರವರಿ, ಮಾರ್ಚಿಯಲ್ಲಿ ನೀರು.

ಒಂದೇ ಜಾತಿಯವುಗಳ ನಡುವಿನ ಹೋರಾಟವೇ ಅತಿ ಕಠಿಣವೆಂದು ಡಾರ್ವಿನ್ 1859ರಲ್ಲೇ ಬರೆದನು. ಅವುಗಳ ಅಗತ್ಯಗಳೆಲ್ಲ ಒಂದೇ ಆಗಿರುವುದೇ ಕಾರಣ. ಇದನ್ನು ಓದಿಯೂ ನಾನು ತಪ್ಪಿದೆ. ಅಡಿಕೆಗೆ 9 ಅಡಿ ಅಂತರ ಶಿಫಾರಸಾಗಿದ್ದರೂ, ಮರ ಹೆಚ್ಚಿದರೆ ಫಸಲು ಹೆಚ್ಚೀತೆಂದು 6 ಅಡಿಗೊಂದರಂತೆ ನೆಟ್ಟೆ. ಮರಗಳು ಬೆಳಕು ಹುಡುಕುತ್ತ ಸಣಕಲಾಗಿ ಮೇಲೇರಿದವು. ಗೊನೆ ಮಾತ್ರ ಕಿರಿದಾಯಿತು. ಕೊನೆಗೆ ಕೈಯಾರೆ ನೆಟ್ಟವನ್ನೇ ಕಡಿಸಬೇಕಾಯಿತು. ಅಂದಿನ ಸಂಕಟ ಇನ್ನೂ ಮರೆತಿಲ್ಲ.

ಹಾಗಾದರೆ ಮಿಶ್ರಬೆಳೆ ತಪ್ಪೇ? ಅಲ್ಲ. ರಷ್ಯದ ವಿಜ್ಞಾನಿ ಗಾಸ್ ಪ್ರಕಟಿಸಿದ ಪ್ರಯೋಗಗಳನ್ನು ನೋಡಿ. ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಯ ಎರಡು ಜಾತಿಗಳನ್ನು ಒಂದೇ ಆಹಾರದಲ್ಲಿ ಒಟ್ಟಿಗೆ ಬೆಳೆಸಿದಾಗ ಒಂದು ಜಾತಿ ಅಳಿದುಹೋಯಿತು. ಆದರೆ ಕೊಳವೆಯ ತಳದಲ್ಲಿ ಆಹಾರ ಹುಡುಕುವ ಇನ್ನೊಂದು ಜಾತಿಯನ್ನು ಜೊತೆಗಿಟ್ಟಾಗ ಎರಡೂ ಬದುಕಿದವು. ಊಟದ ಜಾಗ ಬೇರೆಯಾದರೆ ಜಗಳ ಕಡಿಮೆ. ಅಡಿಕೆಯ ತಲೆ ಮೇಲೆ, ಮೆಣಸಿನ ಬಳ್ಳಿ ಕಾಂಡದ ಮೇಲೆ, ಕೋಕೋ ಕೆಳಗಿನ ನೆರಳಿನಲ್ಲಿ. ಹೀಗೆ ಬೆಳಕನ್ನು ಅಂತಸ್ತು ಅಂತಸ್ತಾಗಿ ಹಂಚಿಕೊಳ್ಳುತ್ತವೆ. ಆದರೆ ನೆಲದಡಿಯಲ್ಲಿ ಬೇರುಗಳು ಕೂಡುತ್ತವೆ. ಆದುದರಿಂದ ಪ್ರತಿ ಬೆಳೆಗೂ ಅದರ ಪಾಲಿನ ಗೊಬ್ಬರ, ನೀರು ಬೇರೆಯಾಗಿಯೇ ಸಲ್ಲಬೇಕು.

ಮಾಡಬೇಕಾದುದು ಇಷ್ಟು:

1. ಮುಂಗಾರಿಗೆ ಮುನ್ನ ಮರಗಸಿ ಮುಗಿಸಿ, ಕಾಫಿಗೆ ಬೆಳಕು ಬಿಡಿ. ಬೇಸಿಗೆಗೆ ನೆರಳು ಮತ್ತೆ ಬೇಕಾದೀತು. ಮರವನ್ನು ಬೋಳು ಮಾಡಬೇಡಿ.

2. ಕಾಫಿಯ ಕಂಬಚಿಗುರುಗಳನ್ನು ಎಳೆಯದರಲ್ಲೇ ಮುರಿಯಿರಿ. ಅವೂ ಫಸಲಿನ ಪಾಲುಗಾರರೇ.

3. ಎಳೆ ಗಿಡದ ಬುಡದ ಕಳೆ ತೆಗೆದು, ಅದನ್ನೇ ಮುಚ್ಚಿಗೆ ಮಾಡಿ. ಇಳಿಜಾರಿನಲ್ಲಿ ಇಡೀ ನೆಲವನ್ನು ಕೆರೆದರೆ ಮಣ್ಣು ಹಳ್ಳ ಸೇರುತ್ತದೆ.

4. ಅಡಿಕೆಯ ಹೆಚ್ಚಿನ ಬೇರುಗಳು ಬುಡದಿಂದ ಒಂದು ಮೀಟರಿನೊಳಗೇ ಇರುತ್ತವೆ. ಅಲ್ಲಿ ಬೇರೆ ಗಿಡ ನೆಡಬೇಡಿ.

ಖಾಲಿ ಜಾಗ ಕಂಡಾಗಲೆಲ್ಲ ಒಂದು ಸಸಿ ಊರುವುದು ಸಣ್ಣ ಹಿಡುವಳಿಯವರಾದ ನಮ್ಮ ಅಭ್ಯಾಸ. ಇನ್ನು ಮುಂದೆ ಗುಂಡಿ ತೋಡುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ, ಒಮ್ಮೆ ನೆಲ ಕೆದಕಿ ನೋಡಿ. ಆ ಜಾಗ ನಿಜವಾಗಿ ಖಾಲಿಯಿದೆಯೇ ಎಂದು ಆಗ ತಿಳಿಯುತ್ತದೆ.

— ಕಾರ್ಯದರ್ಶಿ