ಮೊದಲು ತಲುಪು, ಗೆಲ್ಲೋದು ಆಮೇಲೆ

ಜಿಪ್ಸಿ ತೆಗೆದುಕೊಂಡು ರಾಜಸ್ಥಾನದ ರ‍್ಯಾಲಿಗೆ ಹೊರಟಿದ್ದೀಯಂತೆ, ಮಗಾ. ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ನಿನ್ನ ಕೈಚಳಕ ನೋಡಿದ್ದೇನೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಕೆಸರಿಗೂ ಥಾರ್ ಮರುಭೂಮಿಯ ಮರಳಿಗೂ ವ್ಯತ್ಯಾಸವಿದೆ. ಕೆಸರು ಗಾಡಿಯನ್ನು ಹೊರಗಿಂದ ಹಿಡಿದು ನಿಲ್ಲಿಸುತ್ತದೆ, ಮರಳು ಒಳಗೆ ಹೊಕ್ಕು ಸದ್ದಿಲ್ಲದೆ ತಿನ್ನುತ್ತದೆ. ಸರ್ವೀಸ್ ಗಾಡಿಯಲ್ಲಿ ಸ್ಪ್ಯಾನರ್ ಹಿಡಿದು ವರ್ಷಗಟ್ಟಲೆ ಅಲೆದ ದೊಡ್ಡಪ್ಪನ ನಾಲ್ಕು ಮಾತು ಕೇಳಿಕೊಂಡು ಹೋಗು.

• ಮಾರ್ಪಾಡಿಗೆ ಮೊದಲು ರಿಪೇರಿ. ಸಾಲುದೀಪ, ಗುಡುಗುವ ಸೈಲೆನ್ಸರ್ ಎಲ್ಲ ಆಮೇಲೆ. ವಾಟರ್ ಹೋಸ್, ಫ್ಯಾನ್ ಬೆಲ್ಟ್, ವೀಲ್ ಬೇರಿಂಗ್, ಬುಷ್, ಆಯಿಲ್ ಸೀಲ್ ಹೊಸದಾಗಲಿ. ಬಿಚ್ಚಿದ ಹಳೆಯ ಬೆಲ್ಟು, ಹೋಸು ಇನ್ನೂ ಚೆನ್ನಾಗಿದ್ದರೆ ಎಸೆಯಬೇಡ. ನಿನ್ನ ಗಾಡಿಗೆ ಕೂರುತ್ತದೆ ಎಂದು ಈಗಾಗಲೇ ಸಾಬೀತಾದ ಸ್ಪೇರ್ ಅದು.

• ಒಂದನ್ನು ಗಟ್ಟಿ ಮಾಡಿದರೆ ಪೆಟ್ಟು ಪಕ್ಕದ್ದಕ್ಕೆ ಬೀಳುತ್ತದೆ. ದಪ್ಪ ಟೈರ್ ಹಾಕಿದರೆ ಆಕ್ಸಲ್ ಶಾಫ್ಟ್‌ಗೆ ಭಾರ, 1.3 ಲೀಟರ್ ಎಂಜಿನ್‌ಗೂ ಏದುಸಿರು. ಗಾಡಿಯನ್ನು ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟ್‌ನ ಓರೆ ಹೆಚ್ಚಿ ಜಾಯಿಂಟ್ ಕ್ರಾಸ್ ಬೇಗ ಸವೆಯುತ್ತದೆ. ಪ್ರತಿ ಬದಲಾವಣೆಗೂ ಮೊದಲು, ಇನ್ನು ಮುರಿಯುವುದು ಯಾವುದು ಎಂದು ಕೇಳಿಕೋ. ಉತ್ತರ ಗೊತ್ತಿಲ್ಲದಿದ್ದರೆ ಕಂಪನಿಯವರು ಕೊಟ್ಟ ಹಾಗೇ ಬಿಡು.

• ಖರ್ಚು ಮಾಡುವುದಿದ್ದರೆ ಶಾಕ್ ಅಬ್ಸಾರ್ಬರ್‌ಗೆ ಮಾಡು. ಉಬ್ಬುತಗ್ಗಿನಲ್ಲಿ ಎಡೆಬಿಡದೆ ಕುಣಿದಾಗ ಒಳಗಿನ ಎಣ್ಣೆ ಕಾದು ನೊರೆಯಾಗುತ್ತದೆ. ಆಗ ಶಾಕ್ ಇದ್ದೂ ಇಲ್ಲದಂತೆ, ಹೊಡೆತವೆಲ್ಲ ಚಾಸಿಗೆ. ಶಾಕ್ ಕೂರುವ ಬ್ರಾಕೆಟ್‌ನ ವೆಲ್ಡಿಂಗ್ ಬಳಿ ಕೂದಲೆಳೆಯಷ್ಟು ಬಿರುಕಿದ್ದರೂ ತಗಡಿನ ತೇಪೆ ಸಾಲದು, ದಪ್ಪ ಪ್ಲೇಟ್ ಕೂರಿಸು. ಲೀಫ್ ಸ್ಪ್ರಿಂಗ್‌ನ ಯು-ಬೋಲ್ಟ್‌ಗಳನ್ನು ಮೊದಲ ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ಬಿಗಿಮಾಡು.

• ಗಾಡಿ ಉಸಿರಾಡುವ ದಾರಿ ಕಾಯಿ. ಒಮ್ಮೆ ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ಹೋಸ್‌ನ ಕ್ಲಿಪ್ ಬಿಗಿ ಮಾಡುವುದನ್ನು ನಾನೇ ಮರೆತಿದ್ದೆ. ಹಿಟ್ಟಿನಂಥ ದೂಳು ನೇರ ಒಳಗಿಳಿದು ಎರಡೇ ದಿನಕ್ಕೆ ಪಿಸ್ಟನ್ ರಿಂಗ್ ಸವೆಯಿತು, ಗಾಡಿ ನೀಲಿ ಹೊಗೆ ಕಾರುತ್ತ ನಿಂತಿತು. ಇಡೀ ತಂಡದ ಆರು ತಿಂಗಳ ದುಡಿಮೆ ಬೆರಳಗಲದ ಕ್ಲಿಪ್ಪಿಗೆ ಬಲಿಯಾಯಿತು. ದಿನವೂ ಸಂಜೆ ಫಿಲ್ಟರ್ ಬಿಚ್ಚಿ, ಅದರ ಆಚೆಗಿನ ಪೈಪಿನೊಳಗೆ ಬೆರಳಾಡಿಸಿ ನೋಡು. ಬೆರಳಿಗೆ ದೂಳು ಹತ್ತಿದರೆ ಎಲ್ಲೋ ಸಂದಿಯಿದೆ ಎಂದರ್ಥ, ಅದು ಸಿಗುವ ತನಕ ಮಲಗಬೇಡ.

• ಬಿಸಿಯ ಮೇಲೆ ಕಣ್ಣಿರಲಿ. ರೇಡಿಯೇಟರ್ ಸಂದಿಯಲ್ಲಿ ಊರಿನ ಕೆಸರು ಒಣಗಿ ಕೂತಿರುತ್ತದೆ, ಹೊರಡುವ ಮೊದಲೇ ತೊಳೆ. ಗ್ರಿಲ್ ಮುಂದೆ ದೀಪ ಕಟ್ಟಿ ಗಾಳಿ ತಡೆಯಬೇಡ. ಮುಳ್ಳು ಮೇಲೇರಿದರೆ ಹೀಟರ್ ಹಾಕು. ಒಳಗೆ ನೀನು ಬೇಯುತ್ತೀಯ, ಎಂಜಿನ್ ಮಾತ್ರ ಉಳಿಯುತ್ತದೆ.

• ಟೈರಿನ ಗಾಳಿಗಿಂತ ಅಗ್ಗದ ಮಾರ್ಪಾಡು ಇಲ್ಲ. ಮೆತ್ತನೆ ಮರಳಿನಲ್ಲಿ 15ರಿಂದ 18 ಪಿಎಸ್ಐಗೆ ಇಳಿಸಿದರೆ ಟೈರ್ ಒಂಟೆಯ ಪಾದದಂತೆ ಅಗಲವಾಗಿ ಊರುತ್ತದೆ. ಇನ್ನೂ ಇಳಿಸಿ ಜೋರಾಗಿ ತಿರುಗಿಸಿದರೆ ರಿಮ್‌ನಿಂದಲೇ ಕಳಚಿಕೊಂಡೀತು. ಕಲ್ಲುನೆಲ ಬಂದ ಕೂಡಲೇ ನಿಲ್ಲಿಸಿ ಗಾಳಿ ತುಂಬು.

• ಮರಳಿಗೆ ಇಳಿದ ಮೇಲಲ್ಲ, ಇಳಿಯುವ ಮೊದಲೇ ಫೋರ್ ವೀಲ್ ಹಾಕು. ಆದರೆ ಡಾಂಬರಿನ ಮೇಲೆ ಮರೆಯದೆ ತೆಗೆ. ಅಲ್ಲಿ ಚಕ್ರಗಳಿಗೆ ಜಾರಲು ಎಡೆಯಿರುವುದಿಲ್ಲ, ತಿರುವಿನಲ್ಲಿ ಇಡೀ ಗೇರ್ ವ್ಯವಸ್ಥೆಗೆ ತಿರುಚು ಬೀಳುತ್ತದೆ.

• ಹೂತುಕೊಂಡರೆ ಆಕ್ಸಿಲರೇಟರ್ ತುಳಿಯಬೇಡ. ತುಳಿದಷ್ಟೂ ನೀನೇ ನಿನ್ನ ಗುಂಡಿ ತೋಡಿಕೊಂಡ ಹಾಗೆ. ಇಳಿದು ಚಕ್ರದ ಹಿಂದಿನ ಮರಳು ತೆಗೆ, ಗಾಳಿ ಇಳಿಸು, ಬಂದ ಜಾಡಿನಲ್ಲೇ ಹಿಂದಕ್ಕೆ ಬಾ. ಗುದ್ದಲಿ ಇರಲಿ, ಜಾಕ್ ಅಡಿಗೆ ಇಡಲು ಅಗಲದ ಹಲಗೆಯೂ ಇರಲಿ. ಬರಿಯ ಜಾಕ್ ಮರಳಿನಲ್ಲಿ ತಾನೇ ಕೆಳಗಿಳಿಯುತ್ತದೆ.

• ವೈರಿಂಗ್ ಲೋಹಕ್ಕೆ ಉಜ್ಜುವಲ್ಲೆಲ್ಲ ರಬ್ಬರ್ ಸುತ್ತು. ಬ್ಯಾಟರಿ, ಸ್ಪೇರ್ ಟೈರ್, ಟೂಲ್ ಪೆಟ್ಟಿಗೆ ಒಂದಿಂಚೂ ಅಲುಗಬಾರದು. ಗಾಡಿ ಮಗುಚಿದರೆ ಸಡಿಲವಾದ ಸ್ಪ್ಯಾನರ್ ಕೂಡ ಆಯುಧವೇ.

• ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ. ರ‍್ಯಾಲಿಯ ಹಿಂದಿನ ವಾರ ಹೊಸ ಸಾಮಾನು ಹಾಕಬೇಡ. ಎಲ್ಲ ಸೇರಿಸಿದ ಮೇಲೆ ಐನೂರು ಕಿಲೋಮೀಟರಾದರೂ ಹಾಳು ರಸ್ತೆಯಲ್ಲಿ ಓಡಿಸು. ಮುರಿಯುವುದೆಲ್ಲ ಮನೆಯ ಹತ್ತಿರವೇ ಮುರಿಯಲಿ.

ಮೊದಲು ತಲುಪು ಎನ್ನುವುದಕ್ಕೆ ಕಾರಣವಿದೆ. 2015ರಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ರ‍್ಯಾಲಿಯ ಬೈಕ್ ವಿಭಾಗದಲ್ಲಿ 36ನೆಯವರಾಗಿ ಬಂದರು. ಆ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಅವರು, ಆದ್ದರಿಂದಲೇ ಆ 36 ನಮಗೆ ಇಂದಿಗೂ ನೆನಪಿದೆ. 2024ರಲ್ಲಿ ಕಾರುಗಳ ಪೈಕಿ ಡಕಾರ್ ಗೆದ್ದ ಕಾರ್ಲೋಸ್ ಸೈಂಜ್ ಒಂದೇ ಒಂದು ಹಂತದಲ್ಲೂ ಮೊದಲಿಗರಾಗಿರಲಿಲ್ಲ. ದಿನದಿನದ ಓಟದಲ್ಲಿ ಮೆರೆದವರು ಬೇರೆಯವರು, ಕೊನೆಯ ದಿನ ಒಟ್ಟು ಲೆಕ್ಕದಲ್ಲಿ ಮುಂದಿದ್ದವರು ಸೈಂಜ್.

ಕೊನೆಯ ಕಂಟ್ರೋಲ್ ದಾಟಿದ ಮೇಲೆ ಒಂದು ಫೋನ್ ಮಾಡು ಮಾರಾಯ. ಎಷ್ಟನೆಯವನಾದೆ ಎಂದು ಕೇಳುವುದಿಲ್ಲ. ಗಾಡಿ ಯಾರೂ ಎಳೆಯದೆ ತಾನೇ ಓಡಿ ಬಂತಾ ಎಂದಷ್ಟೇ ಕೇಳುತ್ತೇನೆ.